ಇನ್ನು ಬಡ್ಡಿಯೇ ಇಂಧನ

ಮಂಗಳೂರಿನ ತಣ್ಣೀರುಬಾವಿಗೆ ಈಗ ಹೋಗುವವರು ಕಡಲು ನೋಡಲು, ಸಂಜೆ ಕಳೆಯಲು ಹೋಗುತ್ತಾರೆ. ಈ ಶತಮಾನದ ಆರಂಭದಲ್ಲಿ ಅಲ್ಲಿ ಕಾಣುತ್ತಿದ್ದ ಸೋಜಿಗವೇ ಬೇರೆ. ಗುರುಪುರ ನದಿಯ ಮೇಲೆ ಒಂದು ವಿದ್ಯುತ್ ಸ್ಥಾವರ ತೇಲುತ್ತಿತ್ತು. ಬಾರ್ಜ್‌ಗಳ ಮೇಲೆ ಯಂತ್ರಗಳನ್ನು ಕೂರಿಸಿ ಜಿಎಂಆರ್ ಸಮೂಹ 2001ರಲ್ಲಿ ಚಾಲೂ ಮಾಡಿದ ಈ ಸ್ಥಾವರದ ಸಾಮರ್ಥ್ಯ 220 ಮೆಗಾವ್ಯಾಟ್. ತೇಲುವ ಸ್ಥಾವರಗಳಲ್ಲಿ ಜಗತ್ತಿಗೇ ದೊಡ್ಡದು ಎಂದು ಆಗ ಹೆಸರಾಗಿತ್ತು. ಅದು ಉರಿಸುತ್ತಿದ್ದುದು ನಾಫ್ತಾ, ಅಂದರೆ ಕಚ್ಚಾ ತೈಲವನ್ನು ಸಂಸ್ಕರಿಸುವಾಗ ಸಿಗುವ, ಪೆಟ್ರೋಲಿಗೆ ತೀರಾ ಹತ್ತಿರದ ದ್ರವ.

ರಾಜ್ಯಕ್ಕೆ ಆಗ ವಿದ್ಯುತ್ ತುರ್ತಾಗಿ ಬೇಕಿತ್ತು. ಅಣೆಕಟ್ಟು ಕಟ್ಟಲು ದಶಕ ಬೇಕು, ಕಲ್ಲಿದ್ದಲು ಸ್ಥಾವರಕ್ಕೂ ಹಲವು ವರ್ಷ ಬೇಕು. ನಾಫ್ತಾ ಯಂತ್ರವನ್ನಾದರೆ ಬೇಗ ತಂದು ನಿಲ್ಲಿಸಬಹುದು, ಕಟ್ಟುವ ಖರ್ಚೂ ಕಡಿಮೆ. ಆದರೆ ನಾಫ್ತಾದ ಬೆಲೆ ಕಚ್ಚಾ ತೈಲದ ಬೆಲೆಯ ಬೆನ್ನು ಹಿಡಿದೇ ಏರುತ್ತದೆ. ಸ್ಥಾವರ ಓಡುತ್ತಿದ್ದ ವರ್ಷಗಳಲ್ಲೇ ತೈಲ ಏರುತ್ತಾ ಹೋಗಿ, 2008ರ ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಆ ಹೊತ್ತಿಗೆ ರಾಜ್ಯದ ಜೊತೆಗಿನ ಏಳು ವರ್ಷದ ವಿದ್ಯುತ್ ಖರೀದಿ ಒಪ್ಪಂದವೂ ಮುಗಿದಿತ್ತು. ಮುಂದೆ ಆ ಬಾರ್ಜ್‌ಗಳು ಕಡಲ ದಾರಿ ಹಿಡಿದು ಆಂಧ್ರದ ಕಾಕಿನಾಡ ಸೇರಿದವು, ಅಲ್ಲಿನ ನೈಸರ್ಗಿಕ ಅನಿಲದಿಂದ ಓಡುವುದಕ್ಕಾಗಿ. ಬೆಂಗಳೂರಿನ ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮ 1993ರಲ್ಲಿ ಶುರು ಮಾಡಿದ್ದ ಡೀಸೆಲ್ ಸ್ಥಾವರದ ಕಥೆಯೂ ಹೆಚ್ಚು ಬೇರೆಯಲ್ಲ. ಈಗ ಆ ಆವರಣದಲ್ಲಿ ಅನಿಲ ಆಧಾರಿತ ಸ್ಥಾವರವಿದೆ.

ತೈಲದ ಅರ್ಥಶಾಸ್ತ್ರ ಇಷ್ಟೇ: ಯಂತ್ರ ಅಗ್ಗ, ಓಡಿಸುವುದು ದುಬಾರಿ. ಬಿಸಿಲು ಮತ್ತು ಗಾಳಿಯ ಅರ್ಥಶಾಸ್ತ್ರ ಇದಕ್ಕೆ ತದ್ವಿರುದ್ಧ. ಯಂತ್ರ ದುಬಾರಿ, ಓಡಿಸುವುದು ಪುಕ್ಕಟೆ. ತೈಲದ ಮೇಲೆ ಬದುಕುವುದು ಬಾಡಿಗೆ ಮನೆಯಲ್ಲಿದ್ದಂತೆ, ಬಿಸಿಲಿನ ಮೇಲೆ ಬದುಕುವುದು ಸಾಲ ಮಾಡಿ ಸ್ವಂತ ಮನೆ ಕಟ್ಟಿಕೊಂಡಂತೆ. ಬಾಡಿಗೆದಾರನ ಚಿಂತೆ ಮುಂದಿನ ವರ್ಷದ ಬಾಡಿಗೆಯದು. ಕಟ್ಟಿಸಿದವನ ಚಿಂತೆ ಬ್ಯಾಂಕಿನ ಬಡ್ಡಿಯದು.

ಪರ್ಯಾಯ ಇಂಧನದ ಬಗ್ಗೆ ನಡೆಯುವ ಚರ್ಚೆಯಲ್ಲಿ ಹೆಚ್ಚು ಕೇಳಿಬರುವುದು ತಂತ್ರಜ್ಞಾನ: ಪ್ಯಾನೆಲ್ ಎಷ್ಟು ದಕ್ಷ, ಬ್ಯಾಟರಿ ಎಷ್ಟು ಕಿಲೋಮೀಟರ್ ಎಳೆಯುತ್ತದೆ, ಹೈಡ್ರೋಜನ್ ಯಾವಾಗ ಬರುತ್ತದೆ. ಕಡಿಮೆ ಕೇಳಿಬರುವುದು ಬಡ್ಡಿ. ಎಣ್ಣೆಯಿಂದ ಹೊರಬರುವ ದಾರಿ ಯಾರಿಗೆ ಸಲೀಸು, ಯಾರಿಗೆ ದುರ್ಗಮ ಎಂಬುದನ್ನು ತೀರ್ಮಾನಿಸುವುದು ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಸರಳ ಲೆಕ್ಕ ಹಾಕಿ ನೋಡೋಣ. ಒಂದು ಮೆಗಾವ್ಯಾಟ್ ಸೌರ ಸ್ಥಾವರ ಕಟ್ಟಲು 4 ಕೋಟಿ ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 17.5 ಲಕ್ಷ ಯೂನಿಟ್ ವಿದ್ಯುತ್ ಬರುತ್ತದೆ. ಆ ಹಣವನ್ನೆಲ್ಲ ಶೇ 8ರ ಬಡ್ಡಿಗೆ ತಂದು 25 ವರ್ಷಗಳಲ್ಲಿ ತೀರಿಸುವುದಾದರೆ ವರ್ಷಕ್ಕೆ 37.5 ಲಕ್ಷ ರೂಪಾಯಿ ಕಟ್ಟಬೇಕು. ಯೂನಿಟ್‌ಗೆ 2 ರೂಪಾಯಿ 14 ಪೈಸೆ ಬೀಳುತ್ತದೆ. ಬಡ್ಡಿ ಶೇ 12 ಆದರೆ ವರ್ಷದ ಕಂತು 51 ಲಕ್ಷ, ಯೂನಿಟ್‌ಗೆ 2 ರೂಪಾಯಿ 91 ಪೈಸೆ. ಅದೇ ಬಿಸಿಲು, ಅದೇ ಪ್ಯಾನೆಲ್, ಅದೇ ನೆಲ. 77 ಪೈಸೆ ಹೆಚ್ಚಾಗಿದ್ದು ಬಡ್ಡಿಯಿಂದ ಮಾತ್ರ. ಭಾರತದಲ್ಲಿ 2010ರಲ್ಲಿ ಯೂನಿಟ್‌ಗೆ ಸರಾಸರಿ 12 ರೂಪಾಯಿ ಇದ್ದ ಸೌರ ವಿದ್ಯುತ್ತಿನ ದರ 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44ಕ್ಕೆ, 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1.99ಕ್ಕೆ ಇಳಿಯಿತು. ಇದಕ್ಕೆ ಪ್ಯಾನೆಲ್ ಬೆಲೆ ಕುಸಿದದ್ದು ದೊಡ್ಡ ಕಾರಣ, ನಿಜ. ಜೊತೆಗೆ ಸಾಲ ಕೊಡುವವರಿಗೆ ಧೈರ್ಯ ಬಂದು ದೊಡ್ಡ ಕಂಪನಿಗಳಿಗೆ ಹಣ ಅಗ್ಗವಾಗಿ ಸಿಕ್ಕಿದ್ದೂ ಒಂದು ಕಾರಣ.

ಡಾಲರಿನ ಚಿಂತೆ

ಇಲ್ಲೊಂದು ಗೊಂದಲ ತಿಳಿಯಾಗಬೇಕು. ಸೌರ ಫಲಕ ಹಾಕಿದ ಮಾತ್ರಕ್ಕೆ ಎಣ್ಣೆಯ ಆಮದು ಇಳಿಯುವುದಿಲ್ಲ. ನಮ್ಮ ದೇಶದಲ್ಲಿ ತೈಲದಿಂದ ತಯಾರಾಗುವ ವಿದ್ಯುತ್ ಈಗ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಜನರೇಟರುಗಳನ್ನು ಬಿಟ್ಟರೆ. ಸೌರ ವಿದ್ಯುತ್ ಪೈಪೋಟಿ ಮಾಡುತ್ತಿರುವುದು ಕಲ್ಲಿದ್ದಲಿನೊಂದಿಗೆ. ಎಣ್ಣೆ ಉರಿಯುವುದು ರಸ್ತೆಯ ಮೇಲೆ, ಲಾರಿ, ಬಸ್ಸು, ಬೈಕು, ಟ್ರ್ಯಾಕ್ಟರುಗಳಲ್ಲಿ. ದೇಶದ ಒಟ್ಟು ತೈಲೋತ್ಪನ್ನ ಬಳಕೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಡೀಸೆಲ್ ಒಂದೇ. ಹಾಗಾಗಿ ಬಿಸಿಲಿಗೂ ಎಣ್ಣೆಗೂ ನಡುವಿನ ಸೇತುವೆ ಬ್ಯಾಟರಿ ವಾಹನ. ಅದು ಬಂದಾಗಲೇ ಪಾವಗಡದ ಸೌರ ಪಾರ್ಕಿನ ಬಿಸಿಲು ಕೊಲ್ಲಿ ದೇಶಗಳ ಎಣ್ಣೆಯ ಜಾಗಕ್ಕೆ ಬರುತ್ತದೆ.

ಆ ಜಾಗ ಎಷ್ಟು ದೊಡ್ಡದು? ನಾವು ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. 2022–23ರಲ್ಲಿ ಇದರ ಬಿಲ್ಲು 15,700 ಕೋಟಿ ಡಾಲರ್ ದಾಟಿತು. ಮರುವರ್ಷ ತರಿಸಿದ ಎಣ್ಣೆ ಹೆಚ್ಚುಕಡಿಮೆ ಅಷ್ಟೇ. ಬಿಲ್ಲು ಮಾತ್ರ 13,200 ಕೋಟಿ ಡಾಲರಿನ ಆಸುಪಾಸಿಗೆ ಇಳಿಯಿತು. ಇಳಿದದ್ದು ಸಂತೋಷ. ಆದರೆ ಅದರಲ್ಲಿ ನಮ್ಮ ಜಾಣ್ಮೆಯ ಪಾಲು ಸ್ವಲ್ಪವೇ. ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಬಿತ್ತು, ನಮ್ಮ ಬಿಲ್ಲೂ ಬಿತ್ತು. ನಾಳೆ ಏರಿದರೆ ಇದೂ ಏರುತ್ತದೆ.

ಏರಿದಾಗ ಏನಾಗುತ್ತದೆ ಎಂಬುದನ್ನು ನಮ್ಮ ಹಿಂದಿನ ತಲೆಮಾರು ಕಣ್ಣಾರೆ ಕಂಡಿದೆ. 1990ರ ಆಗಸ್ಟಿನಲ್ಲಿ ಇರಾಕ್ ಸೇನೆ ಕುವೈತಿಗೆ ನುಗ್ಗಿತು, ತೈಲ ಬೆಲೆ ಜಿಗಿಯಿತು. ಮೊದಲೇ ಸೊರಗಿದ್ದ ನಮ್ಮ ವಿದೇಶಿ ವಿನಿಮಯ ಸಂಗ್ರಹ 1991ರ ಜನವರಿಯಲ್ಲಿ 120 ಕೋಟಿ ಡಾಲರಿನ ಮಟ್ಟಕ್ಕೆ ಕುಸಿಯಿತು. ಆ ವರ್ಷ ರಿಸರ್ವ್ ಬ್ಯಾಂಕಿನ 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಅಡವಿಟ್ಟು ದೇಶ ಮಾನ ಉಳಿಸಿಕೊಂಡಿತು.

ಇದೇ ಭಯ ಇಥಿಯೋಪಿಯಾವನ್ನು ಒಂದು ದಿಟ್ಟ ತೀರ್ಮಾನಕ್ಕೆ ತಳ್ಳಿತು. ಜಗತ್ತಿನ ಬಡ ದೇಶಗಳಲ್ಲೊಂದಾದ ಅದು 2024ರ ಆರಂಭದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಆಮದನ್ನೇ ನಿಷೇಧಿಸಿತು. ಇಂಧನಕ್ಕೆ ತೆರಲು ಅದರ ಬಳಿ ಸಾಕಷ್ಟು ಡಾಲರ್ ಇಲ್ಲ. ನೀಲಿ ನೈಲ್ ನದಿಯ ನೀರಿನಿಂದ ಬರುವ ವಿದ್ಯುತ್ ಇದೆ, ಅದಕ್ಕೆ ಡಾಲರ್ ಬೇಡ. ಪರಿಸರದ ಕಾಳಜಿಯ ಮಾತು ಆಮೇಲೆ, ಮೊದಲನೆಯದು ಖಜಾನೆಯ ಲೆಕ್ಕ.

ಪ್ಯಾನೆಲ್ಲೂ ಬ್ಯಾಟರಿಯೂ ಚೀನಾದಿಂದಲೇ ಬರಬೇಕಲ್ಲ, ಒಂದು ಅವಲಂಬನೆ ಹೋಗಿ ಇನ್ನೊಂದು ಬಂತಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ವ್ಯತ್ಯಾಸ ದೊಡ್ಡದು. ಇಂದು ಬಂದಿಳಿದ ಎಣ್ಣೆ ಕೆಲವೇ ವಾರಗಳಲ್ಲಿ ಹೊಗೆಯಾಗುತ್ತದೆ, ಮತ್ತೆ ಹಡಗು ಬರಬೇಕು. ಇಂದು ಬಂದಿಳಿದ ಪ್ಯಾನೆಲ್ 25 ವರ್ಷ ದುಡಿಯುತ್ತದೆ. ಚೀನಾ ನಾಳೆ ಮಾರುವುದನ್ನು ನಿಲ್ಲಿಸಿದರೂ ಈಗಾಗಲೇ ನೆಟ್ಟ ಪ್ಯಾನೆಲ್ ನಿಲ್ಲುವುದಿಲ್ಲ.

ಶಿವನಸಮುದ್ರದಲ್ಲೇ ಇತ್ತು ಪಾಠ

ಇಂಧನವಿಲ್ಲದ ವಿದ್ಯುತ್ತಿಗೆ ಮುಂಗಡವಾಗಿ ದೊಡ್ಡ ಬಂಡವಾಳ ಹೂಡುವ ವಿದ್ಯೆ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನ ಅದನ್ನು 1902ರಲ್ಲೇ ಮಾಡಿ ತೋರಿಸಿತ್ತು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ಹಾಯಿಸಲಾಯಿತು. ಅಷ್ಟು ದೂರಕ್ಕೆ ವಿದ್ಯುತ್ ಕೊಂಡೊಯ್ದ ಉದಾಹರಣೆಗಳು ಆಗ ಜಗತ್ತಿನಲ್ಲೇ ವಿರಳ. ಮೂರು ವರ್ಷದ ನಂತರ, 1905ರ ಆಗಸ್ಟಿನಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ಸೀಮೆಎಣ್ಣೆ ದೀಪಗಳ ಜಾಗಕ್ಕೆ ವಿದ್ಯುತ್ ದೀಪ ಬಂತು. ಎಣ್ಣೆಯಿಂದ ಪರ್ಯಾಯಕ್ಕೆ ನಮ್ಮ ನಾಡು ಇಟ್ಟ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯ ಎಂಜಿನಿಯರಿಂಗ್ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ. ಅದರ ಹಣಕಾಸಿನ ಜಾಣ್ಮೆಯನ್ನೂ ಹೊಗಳಬೇಕು. ಯೋಜನೆಗೆ ಕೈಹಾಕುವಾಗಲೇ ಗಿರಾಕಿ ಖಾತ್ರಿಯಾಗಿದ್ದ. ಗಣಿ ಕಂಪನಿಗಳಿಗೆ ಹಗಲಿರುಳೂ ವಿದ್ಯುತ್ ಬೇಕು, ಅವುಗಳ ಬಳಿ ಹಣವೂ ಇದೆ. ಕೊಳ್ಳುತ್ತೇವೆಂಬ ಕರಾರು ಕೈಯಲ್ಲಿರುವಾಗ ಹೂಡಿಕೆಯ ಅಂಜಿಕೆ ಕಡಿಮೆ. ಈಗ ಸೌರ ಕಂಪನಿಗಳು ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳ ಜೊತೆ ಮಾಡಿಕೊಳ್ಳುವ 25 ವರ್ಷದ ಖರೀದಿ ಒಪ್ಪಂದದ ತಿರುಳೂ ಇದೇ. ಹಣ ಕೊಡುವವನು ಖಾತ್ರಿಯಾಗಿದ್ದರೆ ಸಾಲ ಅಗ್ಗ, ಸಾಲ ಅಗ್ಗವಾದರೆ ವಿದ್ಯುತ್ ಅಗ್ಗ.

ಬುಡ್ಡಿ ದೀಪದಿಂದ ಬ್ಯಾಂಕಿಗೆ

ಸಂಸ್ಥಾನಕ್ಕೆ ಸಾಧ್ಯವಾದದ್ದು ಒಂದು ಬಡ ಮನೆಗೆ ಸಾಧ್ಯವೇ? ಇದಕ್ಕೆ ಉತ್ತರವೂ ಕರ್ನಾಟಕದಲ್ಲೇ ಸಿಕ್ಕಿದೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಮಹತ್ವದ ಪ್ರಯೋಗ ಅದೇ.

ಇಪ್ಪತ್ತೈದು ವರ್ಷದ ಹಿಂದಿನ ಹಳ್ಳಿಮನೆಯನ್ನು ನೆನಪಿಸಿಕೊಳ್ಳಿ. ಪಡಿತರ ಅಂಗಡಿಯ ಮುಂದೆ ಕ್ಯಾನು ಹಿಡಿದ ಸಾಲು, ನೀಲಿ ಬಣ್ಣದ ಸೀಮೆಎಣ್ಣೆ, ಅದು ಮುಗಿದ ಮೇಲೆ ಅಂಗಡಿಯಿಂದ ಬಾಟಲಿ ಲೆಕ್ಕದಲ್ಲಿ ತರುವ ದುಬಾರಿ ಎಣ್ಣೆ. ಕತ್ತಲಾದ ಮೇಲೆ ಬುಡ್ಡಿ ದೀಪದ ಹೊಗೆಗೆ ಗೋಡೆಯ ಮೇಲೆ ಕಪ್ಪು ಪಟ್ಟೆ, ಓದುವ ಮಕ್ಕಳ ಮೂಗಿನೊಳಗೂ ಮಸಿ. ಲಾಟೀನಿನ ಗಾಜು ಒಡೆದರೆ ಅದೊಂದು ಬೇರೆ ಖರ್ಚು. ಈ ಬೆಳಕು ಅಗ್ಗವಾಗಿರಲಿಲ್ಲ. ಚಿಲ್ಲರೆಯಾಗಿ ಸಿಗುತ್ತಿತ್ತು, ಅಷ್ಟೇ. ದಿನದ ಕೂಲಿಯಲ್ಲಿ ದಿನದ ಎಣ್ಣೆ ಕೊಳ್ಳಬಹುದಿತ್ತು. ಬಡವರ ಮನೆಯಲ್ಲಿ ಎಣ್ಣೆ ಅಷ್ಟು ಕಾಲ ಗಟ್ಟಿಯಾಗಿ ನಿಂತದ್ದರ ಗುಟ್ಟು ಇದು.

ನಾಲ್ಕು ದೀಪದ ಸೌರ ವ್ಯವಸ್ಥೆಗೆ ಆಗ ಹದಿನೈದು–ಇಪ್ಪತ್ತು ಸಾವಿರ ರೂಪಾಯಿ ಬೇಕಿತ್ತು, ಅದೂ ಒಂದೇ ಗಂಟಿನಲ್ಲಿ. 1995ರಲ್ಲಿ ಹುಟ್ಟಿದ ಸೆಲ್ಕೊ ಸಂಸ್ಥೆಯ ಹರೀಶ್ ಹಂದೆ ಕರಾವಳಿ, ಮಲೆನಾಡಿನ ಮನೆಗಳಿಗೆ ಸೌರ ದೀಪ ಒಯ್ಯುವಾಗ ಎದುರಾದ ಗೋಡೆ ತಂತ್ರಜ್ಞಾನದ್ದಲ್ಲ, ಈ ಗಂಟಿನದು. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಹೊರೆ, ದಿನಕ್ಕೆ 10 ರೂಪಾಯಿ ಸಲೀಸು ಎಂಬ ಅನುಭವವನ್ನು ಅವರು ಹಲವು ಕಡೆ ಹೇಳಿಕೊಂಡಿದ್ದಾರೆ. ಒಟ್ಟು ಮೊತ್ತ ಒಂದೇ, ಆದರೆ ದುಡಿಮೆ ಬರುವ ಲಯಕ್ಕೆ ಕಂತು ಹೊಂದಬೇಕು. ಅವರು ಗ್ರಾಮೀಣ ಬ್ಯಾಂಕುಗಳ ವ್ಯವಸ್ಥಾಪಕರ ಬೆನ್ನುಬಿದ್ದು, ಸೌರ ದೀಪಕ್ಕೂ ಸಾಲ ಕೊಡಬಹುದೆಂದು ಒಪ್ಪಿಸಿದರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ.

ದಿನದ ಲಯಕ್ಕೆ ಹಣ ಹೊಂದಿಸುವ ಕಲೆ ಆ ಕರಾವಳಿಗೆ ಮೊದಲೇ ಗೊತ್ತಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕಿನಲ್ಲಿ ಟಿ.ಎಂ.ಎ. ಪೈ ಅವರು 1928ರಲ್ಲಿ ಶುರು ಮಾಡಿದ ಪಿಗ್ಮಿ ಠೇವಣಿ ಅದೇ ತಾನೆ? ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟ್ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಆ ಬ್ಯಾಂಕಿಗೂ ಕೆನರಾ ಬ್ಯಾಂಕಿಗೂ 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೈಜೋಡಿಸಿತು. ಪ್ಯಾನೆಲ್ಲಿಗೆ ಸಬ್ಸಿಡಿ ಕೊಡುವ ಬದಲು ಬಡ್ಡಿಗೆ ಕೊಡೋಣ ಎಂಬುದು ಆ ಯೋಜನೆಯ ಹೊಸತನ. ಶೇ 12 ಇದ್ದ ಬಡ್ಡಿಯನ್ನು ಮೊದಲಿಗೆ ಶೇ 5ಕ್ಕೆ ಇಳಿಸಲಾಯಿತು. ಸುಮಾರು ನಾಲ್ಕು ವರ್ಷದಲ್ಲಿ, ಮುಖ್ಯವಾಗಿ ಕರ್ನಾಟಕದಲ್ಲಿ, 19 ಸಾವಿರಕ್ಕೂ ಹೆಚ್ಚು ಮನೆಗಳು ಸಾಲ ಪಡೆದು ಸೌರ ದೀಪ ಹಾಕಿಸಿಕೊಂಡವು. ಬಡ್ಡಿಯ ರಿಯಾಯಿತಿಯನ್ನು ಹಂತಹಂತವಾಗಿ ಹಿಂತೆಗೆದುಕೊಂಡ ಮೇಲೂ ಬ್ಯಾಂಕುಗಳು ಸೌರ ಸಾಲ ಕೊಡುವುದನ್ನು ನಿಲ್ಲಿಸಲಿಲ್ಲ.

ಹದಿನಾರು ಸಾವಿರದ ಸಾಲಕ್ಕೆ ಐದು ವರ್ಷದ ಅವಧಿ ಹಿಡಿದರೆ ಶೇ 12ರಲ್ಲಿ ತಿಂಗಳ ಕಂತು 356 ರೂಪಾಯಿ, ಶೇ 5ರಲ್ಲಿ 302. ಕೇವಲ 54 ರೂಪಾಯಿ ಅಂತರ. ಬ್ಯಾಂಕಿನವರಿಗೆ ಅದು ಚಿಲ್ಲರೆ. ಸೀಮೆಎಣ್ಣೆಗೂ ಮೇಣದಬತ್ತಿಗೂ ತಿಂಗಳಿಗೆ ಮುನ್ನೂರು ರೂಪಾಯಿ ತೆರುವ ಮನೆಗೆ ಮಾತ್ರ ಆಗುತ್ತದೆ, ಆಗುವುದಿಲ್ಲ ಎಂಬುದರ ನಡುವಿನ ಗೆರೆ.

ಈ ಯೋಜನೆಯ ಇನ್ನೊಂದು ಗುಣ ನನಗೆ ಹೆಚ್ಚು ಹಿಡಿಸುತ್ತದೆ. ಸಾಧನಕ್ಕೆ ಸಬ್ಸಿಡಿ ಕೊಟ್ಟರೆ ಮಾರುವವನು ಮಾರಿ ಹೋಗುತ್ತಾನೆ, ಕೆಟ್ಟರೆ ಕೇಳುವವರಿಲ್ಲ. ಸಾಲ ಕೊಟ್ಟ ಬ್ಯಾಂಕಿಗೆ ಕಂತು ಬರಬೇಕಾದರೆ ದೀಪ ಉರಿಯುತ್ತಲೇ ಇರಬೇಕು. ದುರಸ್ತಿ ಮಾಡದ ಮಾರಾಟಗಾರನನ್ನು ಬ್ಯಾಂಕೇ ತರಾಟೆಗೆ ತೆಗೆದುಕೊಳ್ಳುತ್ತದೆ.

ಬಸ್ಸು, ಆಟೊ ಲೆಕ್ಕ

ಈಗ ರಸ್ತೆಗೆ ಬರೋಣ. ಬೆಂಗಳೂರಿನಲ್ಲಿ ನಗರ ಸಾರಿಗೆ ನಿಗಮವಾದ ಬಿಎಂಟಿಸಿ 2014ರಲ್ಲೇ ಚೀನಾದ ಬಿವೈಡಿ ಕಂಪನಿಯ ವಿದ್ಯುತ್ ಬಸ್ಸನ್ನು ಪ್ರಾಯೋಗಿಕವಾಗಿ ಓಡಿಸಿ ನೋಡಿತ್ತು. ಜನ ಮೆಚ್ಚಿದರು. ಆದರೂ ದೊಡ್ಡ ಸಂಖ್ಯೆಯಲ್ಲಿ ಬಸ್ಸುಗಳು ರಸ್ತೆಗಿಳಿಯಲು ವರ್ಷಗಳೇ ಹಿಡಿದವು. ಟಾಟಾ ಮೋಟರ್ಸ್‌ನ 921 ಬಸ್ಸುಗಳ ಒಪ್ಪಂದದಲ್ಲಿ ಮೊದಲ ನೂರು ಬಸ್ಸು ಓಡಲಾರಂಭಿಸಿದ್ದು 2023ರ ಡಿಸೆಂಬರಿನಲ್ಲಿ. ತಡವೇಕೆ ಎಂಬುದಕ್ಕೂ ಲೆಕ್ಕ ಹಾಕಿ ನೋಡಬಹುದು.

ನಗರದ ಡೀಸೆಲ್ ಬಸ್ಸು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡುತ್ತದೆ, ಲೀಟರಿಗೆ 90 ರೂಪಾಯಿ ಎಂದರೆ ಕಿಲೋಮೀಟರಿಗೆ 20 ರೂಪಾಯಿ ಇಂಧನಕ್ಕೇ ಹೋಯಿತು. ವಿದ್ಯುತ್ ಬಸ್ಸಿಗೆ ಸುಮಾರು 8 ರೂಪಾಯಿ ಸಾಕು. ಎಂಜಿನ್ ತನ್ನೊಳಗಿನ ಎಣ್ಣೆಯ ಶಕ್ತಿಯಲ್ಲಿ ಬಹುಪಾಲನ್ನು ಶಾಖವಾಗಿ ಗಾಳಿಗೆ ಬಿಡುತ್ತದೆ, ಮೋಟರ್ ಹಾಗೆ ಪೋಲು ಮಾಡುವುದಿಲ್ಲ. ದಿನಕ್ಕೆ 200 ಕಿಲೋಮೀಟರ್, ವರ್ಷಕ್ಕೆ 350 ದಿನ ಓಡಿದರೆ 8 ಲಕ್ಷ 40 ಸಾವಿರ ರೂಪಾಯಿ ಉಳಿತಾಯ. ಕೇಳಲು ಸೊಗಸು. ಆದರೆ ಹನ್ನೆರಡು ಮೀಟರಿನ ವಿದ್ಯುತ್ ಬಸ್ಸಿನ ಬೆಲೆ ಕೋಟಿ ದಾಟುತ್ತದೆ. ಡೀಸೆಲ್ ಬಸ್ಸಿಗಿಂತ 80 ಲಕ್ಷ ಹೆಚ್ಚು ಎಂದಿಟ್ಟುಕೊಂಡರೆ, ಶೇ 10ರ ಬಡ್ಡಿಯಲ್ಲಿ ಮೊದಲ ವರ್ಷ ಬಡ್ಡಿಗೇ 8 ಲಕ್ಷ ರೂಪಾಯಿ. ಡೀಸೆಲಿನಲ್ಲಿ ಉಳಿಸಿದ್ದು ಬ್ಯಾಂಕಿಗೆ ಹೋಯಿತು, ಅಸಲು ತೀರಿಸಲು ಉಳಿದದ್ದು ಬರೀ 40 ಸಾವಿರ. ಬಡ್ಡಿ ಶೇ 6 ಆಗಲಿ, 3 ಲಕ್ಷ 60 ಸಾವಿರ ಅಸಲಿಗೆ ಸಿಗುತ್ತದೆ, ನಿರ್ವಹಣೆಯ ಉಳಿತಾಯ ಬೇರೆ. ಆಗ ಬಸ್ಸು ತನ್ನ ಸಾಲ ತಾನೇ ತೀರಿಸುವ ದಾರಿಗೆ ಬರುತ್ತದೆ.

ಅದಕ್ಕಾಗಿ ನಿಗಮಗಳೀಗ ಬಸ್ಸು ಕೊಳ್ಳುವುದಿಲ್ಲ, ಕಿಲೋಮೀಟರಿಗೆ ಇಷ್ಟು ಎಂದು ಕಂಪನಿಗೆ ಕೊಡುತ್ತವೆ. ಸಾಲ ಮಾಡುವವನು ಕಂಪನಿಯವನು. ಅವನ ಬ್ಯಾಂಕಿನ ಪ್ರಶ್ನೆ ಒಂದೇ: ಸಾರಿಗೆ ನಿಗಮ ಹಣ ಸಮಯಕ್ಕೆ ಕೊಡುತ್ತದೆಯೇ? ನಿಗಮಗಳ ಬಾಕಿಯ ಸ್ಥಿತಿ ಬಲ್ಲವರಿಗೆ ಈ ಅನುಮಾನ ಸಹಜ ಅನ್ನಿಸುತ್ತದೆ. ಅನುಮಾನಕ್ಕೂ ಬೆಲೆಯಿದೆ, ಅದು ಬಡ್ಡಿಗೆ ಸೇರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ 3,435 ಕೋಟಿ ರೂಪಾಯಿಯ ಪಾವತಿ ಭದ್ರತಾ ನಿಧಿಗೆ ಒಪ್ಪಿಗೆ ಕೊಟ್ಟದ್ದು ಇದಕ್ಕಾಗಿ. ನಿಗಮ ಕೊಡದಿದ್ದರೆ ನಿಧಿಯಿಂದ ಕೊಟ್ಟು, ರಾಜ್ಯದಿಂದ ವಸೂಲು ಮಾಡುವ ಏರ್ಪಾಡು. ಕೋಲಾರದ ಗಣಿ ಕಂಪನಿಗಳು ಶಿವನಸಮುದ್ರಕ್ಕೆ ಕೊಟ್ಟ ಖಾತ್ರಿಯನ್ನು ಇಲ್ಲಿ ದಿಲ್ಲಿ ಕೊಡುತ್ತಿದೆ. ವಿದ್ಯುತ್ ವಾಹನಗಳಿಗೆ ನೆರವು ನೀಡುವ ಕೇಂದ್ರದ ಪಿಎಂ ಇ–ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ಬಸ್ಸುಗಳ ಹಂಚಿಕೆಯಾಗಿದೆ. ಅವು ಎಷ್ಟು ಬೇಗ ಬರುತ್ತವೆ, ಎಷ್ಟು ಅಗ್ಗವಾಗಿ ಓಡುತ್ತವೆ ಎಂಬುದಕ್ಕೂ ಈ ಖಾತ್ರಿ ಆಧಾರ.

ಬಸ್ ಕಂಪನಿಗೆ ದಿಲ್ಲಿಯ ಖಾತ್ರಿ ಇದೆ. ಆಟೊ ಚಾಲಕನಿಗೆ ಯಾರ ಖಾತ್ರಿ?

ಬೆಂಗಳೂರಿನ ಆಟೊ ಎಲ್‌ಪಿಜಿಯಲ್ಲಿ ಓಡಿದರೆ ಕಿಲೋಮೀಟರಿಗೆ ಸುಮಾರು ಮೂರು ರೂಪಾಯಿ ಇಂಧನಕ್ಕೆ, ವಿದ್ಯುತ್ ಆಟೊಗೆ ಅರವತ್ತು ಪೈಸೆ. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವವನಿಗೆ 240 ರೂಪಾಯಿ ಉಳಿತಾಯ, ತಿಂಗಳಿಗೆ 25 ದಿನ ದುಡಿದರೆ 6 ಸಾವಿರ. ಈ ಲೆಕ್ಕ ಯಾವ ಚಾಲಕನಿಗೂ ಬಾಯಿಪಾಠ. ಗ್ಯಾಸ್ ಬಂಕಿನ ಸಾಲಿನಲ್ಲಿ ಕಾಯುವಾಗ ಅವರು ಮಾತಾಡುವುದೇ ಇದನ್ನು. ಮುಂದಿನ ಮಾತು ಮಾತ್ರ ಸಾಲದ್ದು. ವಿದ್ಯುತ್ ಆಟೊಗೆ 3 ಲಕ್ಷ ರೂಪಾಯಿ ಸಾಲ, ನಾಲ್ಕು ವರ್ಷ ಅವಧಿ ಎಂದಾದರೆ ಶೇ 10ರಲ್ಲಿ ಕಂತು 7,600 ರೂಪಾಯಿ, ಶೇ 24ರಲ್ಲಿ 9,780. ಅಂತರ ತಿಂಗಳಿಗೆ 2,180 ರೂಪಾಯಿ. ಉಳಿತಾಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಡ್ಡಿಯ ಪಾಲಾಯಿತು. ನಾಲ್ಕು ವರ್ಷಕ್ಕೆ ಲಕ್ಷ ರೂಪಾಯಿ ಮೀರುವ ಅಂತರ ಇದು.

ಶೇ 20 ಮೀರಿದ ಬಡ್ಡಿ ಈ ವಲಯದಲ್ಲಿ ಅಪರೂಪವಲ್ಲ. ಸಾಲ ಕೊಡುವ ಕಂಪನಿಗಳು ಇದಕ್ಕೆ ಕೊಡುವ ಕಾರಣ ಪೂರಾ ಸುಳ್ಳೂ ಅಲ್ಲ. ಹಳೆಯ ಪೆಟ್ರೋಲ್ ಆಟೊ ಜಪ್ತಿ ಮಾಡಿದರೆ ಗುಜರಿಯವನೂ ಬೆಲೆ ಹೇಳುತ್ತಾನೆ. ನಾಲ್ಕು ವರ್ಷ ಓಡಿದ ಬ್ಯಾಟರಿಗೆ ಬೆಲೆ ಕಟ್ಟುವವರು ಯಾರು? ಮರುಮಾರಾಟದ ಮಾರುಕಟ್ಟೆ ಇನ್ನೂ ಕುದುರಿಲ್ಲ. ಹಾಗಾಗಿ ಅಪಾಯವನ್ನೆಲ್ಲ ಬಡ್ಡಿಯಲ್ಲಿ ಸೇರಿಸಿ ಚಾಲಕನ ತಲೆಗೆ ಕಟ್ಟುತ್ತಾರೆ.

ಇದರ ಪಕ್ಕದಲ್ಲಿಟ್ಟು ನೋಡಿ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಯ ಚಾವಣಿಗೆ ಸೌರ ಫಲಕ ಹಾಕಿಸುವವರಿಗೆ 78 ಸಾವಿರದವರೆಗೆ ಸಬ್ಸಿಡಿ, ಮೇಲಿನ ಹಣಕ್ಕೆ ಶೇ 6–7ರ ಆಸುಪಾಸಿನ ಸಾಲ, ಅದೂ ಆಧಾರ ಕೇಳದೆ. ಒಳ್ಳೆಯದೇ. ಆದರೆ ಸ್ವಂತ ಚಾವಣಿ ಇರುವವನಿಗೆ ಶೇ 7, ಚಾವಣಿಯೇ ಇಲ್ಲದೆ ದಿನವಿಡೀ ರಸ್ತೆಯಲ್ಲಿ ಎಣ್ಣೆ ಉಳಿಸುವವನಿಗೆ ಶೇ 24 ಎಂಬುದು ಅನ್ಯಾಯ. ಆಮದು ಎಣ್ಣೆಯನ್ನು ನೇರವಾಗಿ ಇಳಿಸುವವನು ಎರಡನೆಯವನು.

ಏಳೂವರೆ ಪೈಸೆಯ ನೆಲ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತ 13 ಸಾವಿರ ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೌರ ಪಾರ್ಕ್ ರಾಜ್ಯದ ಹೆಮ್ಮೆ. ಮಳೆ ಕೈಕೊಟ್ಟು ಶೇಂಗಾ ಒಣಗುತ್ತಿದ್ದ ಬಯಲು ಅದು. ಇಲ್ಲಿ ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಮೊದಲಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ದೇಶದ ಬೇರೆ ಕಡೆಗಳಿಗೆ ಹೋಲಿಸಿದರೆ ಗೌರವದ ಮಾದರಿ.

ಆದರೂ ಲೆಕ್ಕ ಮಾಡಿ. ಒಂದು ಮೆಗಾವ್ಯಾಟಿಗೆ ಸುಮಾರು ಆರೂಕಾಲು ಎಕರೆ, ಅದರ ಗುತ್ತಿಗೆ ವರ್ಷಕ್ಕೆ 1 ಲಕ್ಷ 31 ಸಾವಿರ. 17.5 ಲಕ್ಷ ಯೂನಿಟ್‌ಗೆ ಹಂಚಿದರೆ ಯೂನಿಟ್‌ಗೆ ಏಳೂವರೆ ಪೈಸೆ. ಮೊದಲು ಹೇಳಿದ ಶೇ 8ರ ಲೆಕ್ಕದಲ್ಲಿ, 25 ವರ್ಷ ಕಟ್ಟುವ ಕಂತಿನಲ್ಲಿ ಬಡ್ಡಿಯ ಪಾಲೇ ಯೂನಿಟ್‌ಗೆ 1 ರೂಪಾಯಿ 20 ಪೈಸೆ ಮೀರುತ್ತದೆ. ನೆಲದವನಿಗಿಂತ ಸಾಲದವನಿಗೆ ಹದಿನಾರು ಪಟ್ಟು. ಎರಡು ವರ್ಷಕ್ಕೆ ಶೇ 5 ಏರಿದರೆ 24 ವರ್ಷದ ನಂತರ ಗುತ್ತಿಗೆ 37,700 ರೂಪಾಯಿ ಆಗುತ್ತದೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಮೊದಲ ವರ್ಷದ ಕಿಮ್ಮತ್ತು ಉಳಿಸಿಕೊಳ್ಳಲು 67,700 ಬೇಕಾಗುತ್ತದೆ. ಸ್ವಂತ ಜಮೀನಿಲ್ಲದೆ ಕೂಲಿ ನಂಬಿದ್ದವರಿಗಂತೂ ಗುತ್ತಿಗೆಯೂ ಇಲ್ಲ. ಫಲಕದ ಧೂಳು ತೊಳೆಯುವುದು, ನಡುವಿನ ಹುಲ್ಲು ಕೊಯ್ಯುವುದು, ಕಾವಲು, ಇಷ್ಟೇ ಉಳಿದ ಕೆಲಸ. ಕಂಪನಿಗಳ ಬಡ್ಡಿ ಅರ್ಧ ಶೇಕಡಾ ಇಳಿದರೂ ಸಾಕು, ಯೂನಿಟ್ ದರ ಏರಿಸದೆ ರೈತನ ಗುತ್ತಿಗೆಯನ್ನು ದುಪ್ಪಟ್ಟು ಮಾಡಬಹುದು. ಹೊಸ ಪಾರ್ಕ್‌ಗಳ ಒಪ್ಪಂದ ಬರೆಯುವವರು ಈ ಲೆಕ್ಕವನ್ನು ಮುಂದಿಟ್ಟುಕೊಳ್ಳಲಿ.

ಎಥೆನಾಲ್ ಬಗ್ಗೆಯೂ ಒಂದು ಮಾತು. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಿಗೆ ಇದರಿಂದ ಆಸರೆಯಾಗಿದೆ, ಡಾಲರೂ ಉಳಿದಿದೆ. ಆದರೆ ಅರ್ಥಶಾಸ್ತ್ರದ ಕಣ್ಣಿಗೆ ಎಥೆನಾಲ್ ಎಣ್ಣೆಯ ಕುಲಕ್ಕೇ ಸೇರಿದ್ದು: ಯಂತ್ರ ಹಳೆಯದೇ, ಇಂಧನಕ್ಕೆ ದಿನವೂ ದುಡ್ಡು. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಆಗಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ ವರದಿಯೇ ಹೇಳಿದೆ. ಇದು ನಡುದಾರಿಯ ತಂಗುದಾಣ, ಊರು ಇನ್ನೂ ಮುಂದಿದೆ.

ಸರ್ಕಾರಗಳಿಗೂ ಎಣ್ಣೆ ಬಿಡುವುದು ಸುಲಭವಲ್ಲ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 29.84ಕ್ಕೆ ಏರಿಸಿತು. ಕೇಂದ್ರದ ಅಬಕಾರಿ ಸುಂಕವನ್ನೂ ಸೇರಿಸಿದರೆ, ಪೆಟ್ರೋಲಿಗೆ ಕೊಡುವ ನೂರು ರೂಪಾಯಿಯಲ್ಲಿ ನಲವತ್ತಕ್ಕೂ ಹೆಚ್ಚು ತೆರಿಗೆಗೇ ಹೋಗುತ್ತದೆ. ಬ್ಯಾಟರಿ ವಾಹನ ಹೆಚ್ಚಿದಂತೆ ಈ ಹಣ ಕರಗುತ್ತದೆ. 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ರಾಜ್ಯ 2024ರಲ್ಲಿ ಜೀವಿತಾವಧಿ ತೆರಿಗೆ ಹಾಕಿದ್ದು ಆ ಆತಂಕದ ಮೊದಲ ಸೂಚನೆ. ದುಬಾರಿ ಕಾರಿನಿಂದ ಶುರು ಮಾಡಿದ್ದು ಸರಿಯಾದ ಕ್ರಮ. ತೆರಿಗೆಯ ಹಸಿವು ಆಟೊವರೆಗೆ ಇಳಿಯದಿರಲಿ.

ನಮ್ಮ ರಾಜ್ಯಕ್ಕೆ ಬಡ್ಡಿ ಇಳಿಸುವ ದಾರಿ ಹೊಸದಾಗಿ ಕಲಿಯಬೇಕಿಲ್ಲ. ಪ್ರಾಥಮಿಕ ಕೃಷಿ ಸಹಕಾರ ಸಂಘಗಳ ಮೂಲಕ ರೈತರಿಗೆ 5 ಲಕ್ಷ ರೂಪಾಯಿವರೆಗೆ ಶೂನ್ಯ ಬಡ್ಡಿಯಲ್ಲಿ ಬೆಳೆ ಸಾಲ ಕೊಡುವ ಘೋಷಣೆ ಮಾಡಿದ ರಾಜ್ಯ ಇದು. ಬಡ್ಡಿಯ ವ್ಯತ್ಯಾಸವನ್ನು ಸರ್ಕಾರ ಭರಿಸುವ ವ್ಯವಸ್ಥೆ, ಲೆಕ್ಕ ಇಡುವ ಸಿಬ್ಬಂದಿ, ಊರೂರಿನ ಸಂಘ, ಎಲ್ಲ ಇದೆ. ಅದೇ ದಾರಿಯಲ್ಲಿ ವಿದ್ಯುತ್ ಆಟೊ, ಸರಕು ಸಾಗಿಸುವ ಮೂರು ಚಕ್ರದ ಗಾಡಿ, ಡೀಸೆಲ್ ಪಂಪ್ ಬದಲಿಸುವ ಸೌರ ಪಂಪ್‌ಗಳಿಗೆ ಶೇ 6 ಮೀರದ ಸಾಲ ಸಿಗಲಿ, ಕಂತು ದಿನದ ಲೆಕ್ಕದಲ್ಲಿ ಕಟ್ಟುವಂತಿರಲಿ. 3 ಲಕ್ಷ ರೂಪಾಯಿಯ ಆಟೊ ಸಾಲವನ್ನು ಶೇ 10ರಿಂದ ಶೇ 6ಕ್ಕೆ ಇಳಿಸಲು ನಾಲ್ಕು ವರ್ಷಕ್ಕೆ ಸರ್ಕಾರ ಭರಿಸಬೇಕಾದದ್ದು ಸುಮಾರು 27 ಸಾವಿರ ರೂಪಾಯಿ. ಅದಕ್ಕೂ ಮುನ್ನ ಶೇ 24ನ್ನು ಶೇ 10ಕ್ಕೆ ತರಲು ಬ್ಯಾಂಕುಗಳಿಗೆ ಒಂದು ಖಾತ್ರಿ ನಿಧಿ ಬೇಕು. ಬಸ್ ಕಂಪನಿಗಳಿಗೆ ಅಂಥದ್ದನ್ನು ಈಗಾಗಲೇ ಕೊಟ್ಟಾಗಿದೆ. ಮುಂದಿನ ಬಜೆಟ್ಟಿನಲ್ಲಿ ಆಟೊ ಚಾಲಕರಿಗೂ ಕೊಡಿ.